ಪ್ಯಾರಿಸ್‌ನಿಂದ ಒಂದೇ ದಿನದಲ್ಲಿ ನೋಡಿ ಬರಬಹುದಾದ, ನೂಕುನುಗ್ಗಲಿಲ್ಲದ ಹಳೆಯ ಕೆಥೆಡ್ರಲ್ (ಧರ್ಮಾಧ್ಯಕ್ಷರ, ಅಂದರೆ ಬಿಷಪರ, ಪೀಠವಿರುವ ಇಗರ್ಜಿ) ಯಾವುದು? ಕ್ರೈಸ್ತರಲ್ಲದವರನ್ನು ಒಳಗೆ ಬಿಡುತ್ತಾರೆಯೇ?

ಧಾರಾಳವಾಗಿ ಬಿಡುತ್ತಾರೆ. ಟಿಕೆಟ್ ಇಲ್ಲ, ನೀವು ಯಾವ ಧರ್ಮದವರೆಂದು ಯಾರೂ ವಿಚಾರಿಸುವುದಿಲ್ಲ, ಚಪ್ಪಲಿ ಬಿಡಬೇಕಾಗಿಲ್ಲ. ಗಂಡಸರು ಟೋಪಿ ತೆಗೆದರೆ ಸಾಕು.

ಯಾವ ಊರು ಎಂದರೆ ಹೆಚ್ಚಿನವರು ಶಾರ್ತ್ರ್ ಹೆಸರು ಹೇಳುತ್ತಾರೆ. ನನ್ನ ಮತ ಲಾನ್ ಪಟ್ಟಣಕ್ಕೆ. ಪ್ಯಾರಿಸ್‌ನ ಗಾರ್ ದು ನೋರ್ ನಿಲ್ದಾಣದಿಂದ ರೈಲಿನಲ್ಲಿ ಎರಡು ಗಂಟೆಯೊಳಗಿನ ದಾರಿ. ರೈಲು ನಿಲ್ದಾಣ ಕೆಳಗಿನ ಊರಿನಲ್ಲಿದೆ, ಹಳೆಯ ಪೇಟೆ ಬಯಲಿನಿಂದ ನೂರು ಮೀಟರಿನಷ್ಟು ಎತ್ತರದ ಗುಡ್ಡದ ಮೇಲೆ. ಕೇಬಲ್ ಎಳೆಯುತ್ತಿದ್ದ ಪುಟ್ಟ ಗಾಡಿಯೊಂದು ಮೊದಲು ಜನರನ್ನು ಮೇಲಕ್ಕೆ ಒಯ್ಯುತ್ತಿತ್ತು, ಅದನ್ನು 2016ರಲ್ಲಿ ನಿಲ್ಲಿಸಿದರು. ಮಂಡಿ ಗಟ್ಟಿಯಿದ್ದರೆ ಮೆಟ್ಟಿಲು ಹತ್ತಿ, ಇಲ್ಲವಾದರೆ ಬಸ್ ಹಿಡಿಯಿರಿ.

ಕೆಥೆಡ್ರಲ್ ಒಳಗೆ ನುಗ್ಗುವ ಮೊದಲು ಎದುರಿನ ಚೌಕದಲ್ಲಿ ನಿಂತು ಕತ್ತೆತ್ತಿ ನೋಡಿ. ಗೋಪುರಗಳ ಮೇಲ್ಭಾಗದ ಕಂಬಗಳ ನಡುವಿನಿಂದ ಕಲ್ಲಿನ ಎತ್ತುಗಳು ಕೊಂಬು ಮುಂದೆ ಮಾಡಿ ಇಣುಕುತ್ತಿರುತ್ತವೆ. ಸಂತರಿಗೂ ದೇವದೂತರಿಗೂ ಮೀಸಲಾದ ಎತ್ತರದಲ್ಲಿ ದುಡಿಯುವ ದನಗಳು! ದೂರದರ್ಶಕ ಇದ್ದರೆ ಒಯ್ಯಿರಿ, ಬರಿಗಣ್ಣಿಗೆ ಮುಖಭಾವ ದಕ್ಕುವುದಿಲ್ಲ. ಗುಡ್ಡಕ್ಕೆ ಕಲ್ಲು ಹೊತ್ತ ಎತ್ತುಗಳ ನೆನಪಿಗೆ ಇವನ್ನು ಕೆತ್ತಿದರೆಂದು ಊರವರ ನಂಬಿಕೆ. ಇದರ ಹಿಂದೆ ಒಂದು ಕಥೆಯೂ ಇದೆ: ಗಾಡಿ ಎಳೆಯುತ್ತಿದ್ದ ಎತ್ತು ದಣಿದು ಬಿದ್ದಾಗ ಎಲ್ಲಿಂದಲೋ ಬಂದ ಇನ್ನೊಂದು ಎತ್ತು ನೊಗಕ್ಕೆ ಹೆಗಲು ಕೊಟ್ಟಿತಂತೆ, ಹೊರೆ ಮೇಲೆ ಮುಟ್ಟಿದ ಮೇಲೆ ತಾನಾಗಿಯೇ ಹೊರಟುಹೋಯಿತಂತೆ. ಇದನ್ನು ಬರೆದಿಟ್ಟವನು ನೊಜಾನ್ ಮಠದ ಮುಖ್ಯಸ್ಥ ಗಿಬೆರ್. ಆದರೆ ಅವನು ಹೇಳುವುದು ಹಿಂದಿನ ಇಗರ್ಜಿಯ ದುರಸ್ತಿಯನ್ನು. ಬಿಷಪ್ ಗೋದ್ರಿ ಕೊಲೆಯಾದ 1112ರ ದಂಗೆಯಲ್ಲಿ ಆ ಇಗರ್ಜಿ ಸುಟ್ಟುಹೋಗಿತ್ತು. ಈಗಿನ ಕಟ್ಟಡ ಶುರುವಾದದ್ದು 1155ರ ಸುಮಾರಿಗೆ. ಕಥೆ ಕಟ್ಟಡಕ್ಕಿಂತ ಹಳೆಯದು. ಹದಿಮೂರನೆಯ ಶತಮಾನದಲ್ಲಿ ವಿಲಾರ್ ದ ಒನ್‌ಕೂರ್ ಎಂಬಾತ ಈ ಗೋಪುರವನ್ನು ಎತ್ತುಗಳ ಸಮೇತ ತನ್ನ ಪುಸ್ತಕದಲ್ಲಿ ಚಿತ್ರಿಸಿ, ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎಂದು ಬರೆದುಕೊಂಡಿದ್ದಾನೆ. ಬಹಳ ಊರು ಸುತ್ತಿದವನ ಮಾತದು.

ಒಳಗೆ ಗೋಡೆ ನಾಲ್ಕು ಅಂತಸ್ತುಗಳಲ್ಲಿ ಏರುತ್ತದೆ: ಕೆಳಗೆ ಕಮಾನು, ಮೇಲೆ ಮೊಗಸಾಲೆ, ಅದರ ಮೇಲೆ ಸಣ್ಣ ಕಮಾನುಗಳ ಸಾಲು, ತುದಿಯಲ್ಲಿ ಕಿಟಕಿ. ಚಾವಣಿ ಸುಮಾರು 24 ಮೀಟರ್. ಆಮಿಯಾನ್ ಊರಿನ ಕೆಥೆಡ್ರಲ್‌ನಲ್ಲಿ ಇದು 42 ಮೀಟರ್ ದಾಟುತ್ತದೆ, ನಿಜ. ಆದರೆ ನಸುಬಿಳಿ ಕಲ್ಲಿನ ಮೇಲೆ ಬೆಳಕು ಹರಡುವ ಬಗೆ ನನಗೆ ಇಲ್ಲಿಯದೇ ಹೆಚ್ಚು ಇಷ್ಟ. ಫ್ರಾನ್ಸಿನ ದೊಡ್ಡ ಕೆಥೆಡ್ರಲ್‌ಗಳ ಪೂರ್ವ ತುದಿ ಸಾಮಾನ್ಯವಾಗಿ ಅರ್ಧವೃತ್ತವಾಗಿ ಬಾಗಿರುತ್ತದೆ. ಇಲ್ಲಿ ನೇರ ಗೋಡೆ, ಅದರಲ್ಲಿ ದೊಡ್ಡ ವೃತ್ತಾಕಾರದ ಬಣ್ಣದ ಗಾಜಿನ ಕಿಟಕಿ. ಹೀಗಾಗಿ ಬೆಳಿಗ್ಗೆಯೇ ಹೋಗಿ.

ಹೆಸರಿಗೆ ಕೆಥೆಡ್ರಲ್ ಆದರೂ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಲಾನ್ ತನ್ನ ಧರ್ಮಾಧ್ಯಕ್ಷರ ಪೀಠವನ್ನು ಕಳೆದುಕೊಂಡಿತು. ಪೀಠ ಈಗ ಸ್ವಾಸೋನ್ ಪಟ್ಟಣದಲ್ಲಿದೆ. ಆದರೂ ಪೂಜೆಗಳು ಇಲ್ಲಿ ಈಗಲೂ ನಡೆಯುತ್ತವೆ. ಬಲಿಪೂಜೆ (ಕಥೋಲಿಕರ ಮುಖ್ಯ ಆರಾಧನೆ, ಇಂಗ್ಲಿಷಿನ ಮಾಸ್) ನಡೆಯುವಾಗ ಓಡಾಡಬೇಡಿ, ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಕೊನೆಯಲ್ಲಿ ಪರಮಪ್ರಸಾದಕ್ಕೆ, ಅಂದರೆ ಪವಿತ್ರೀಕರಿಸಿದ ರೊಟ್ಟಿಗೆ, ಜನ ಸಾಲುಗಟ್ಟಿದಾಗ, ನಮ್ಮ ದೇವಸ್ಥಾನದ ಅಭ್ಯಾಸದಲ್ಲಿ ನೀವೂ ಹೋಗಿ ಕೈಯೊಡ್ಡಬೇಡಿ. ಅದು ಕಥೋಲಿಕರಿಗೆ ಮಾತ್ರ. ಮೇಣದ ಬತ್ತಿ ಹಚ್ಚಲು ಅಡ್ಡಿಯಿಲ್ಲ, ಪೆಟ್ಟಿಗೆಗೆ ಕಾಸು ಹಾಕಿದರಾಯಿತು.

ಸಮಯ ಉಳಿದರೆ ಹತ್ತಿರದಲ್ಲೇ ಟೆಂಪ್ಲರ್ ಎಂಬ ಮಧ್ಯಯುಗದ ಕ್ರೈಸ್ತ ಸನ್ಯಾಸಿ-ಯೋಧರ ಎಂಟು ಮೂಲೆಯ ಪುಟ್ಟ ಪ್ರಾರ್ಥನಾ ಮಂದಿರವಿದೆ, ಹನ್ನೆರಡನೆಯ ಶತಮಾನದ್ದು. ಅದೇ ದಿನ ರೀಮ್ಸ್ ಊರಿನ ಕೆಥೆಡ್ರಲ್ ಕೂಡ ಮುಗಿಸುವ ಆಸೆ ಬೇಡ, ಎರಡನ್ನೂ ಓಡುತ್ತ ನೋಡಬೇಕಾಗುತ್ತದೆ.