ರಣಹದ್ದಿಗೆ ಮಾಂಸ ಹಾಕುವ ಮುನ್ನ ಔಷಧದ ಸೀಸೆ ನೋಡಿ

ಪ್ರಶ್ನೆ: ದನಗಳಿಗೆ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಕೊಡುವುದು 2006ರಲ್ಲೇ ನಿಷೇಧವಾಯಿತಲ್ಲ, ಆದರೂ ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳು ಏಕೆ ಹೆಚ್ಚುತ್ತಿಲ್ಲ? ಹೊಟ್ಟೆಗಿಲ್ಲದೆ ತಾನೆ? ನಮ್ಮ ಯುವಕ ಸಂಘದಿಂದ ಆಗಾಗ ಸತ್ತ ದನ ತಂದು ಬೆಟ್ಟದ ಬುಡದಲ್ಲಿ ಹಾಕಬೇಕೆಂದಿದ್ದೇವೆ.

ಉತ್ತರ: ಹಾಕಬೇಡಿ. ಇದೇ ಪ್ರಶ್ನೆಗೆ ಎಷ್ಟನೆಯ ಸಲ ಉತ್ತರಿಸುತ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ನೀವು ತರುವ ದನ ಸಾಯುವ ಮುನ್ನ ಅದಕ್ಕೆ ಯಾರು ಏನು ಚುಚ್ಚಿದ್ದರು ಎಂದು ವಿಚಾರಿಸುತ್ತೀರಾ? ಹಸು ಮಲಗಿದಲ್ಲಿಂದ ಏಳದಿದ್ದರೆ ಕೊನೆಯ ಪ್ರಯತ್ನವೆಂದು ಡೈಕ್ಲೋಫೆನಾಕ್‌ನಂಥ ನೋವಿನ ಇಂಜೆಕ್ಷನ್ ಹಾಕಿಸುವುದು ವಾಡಿಕೆ. ಎರಡು ಮೂರು ದಿನಗಳೊಳಗೆ ಅದು ಸತ್ತರೆ ಔಷಧ ಇನ್ನೂ ಮಾಂಸದಲ್ಲೇ ಇರುತ್ತದೆ. ಆ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೈಕೊಡುತ್ತದೆ. ಕತ್ತು ಜೋತುಬಿದ್ದು, ಮಂಕಾಗಿ ಕೂತು, ಕೆಲವೇ ದಿನಗಳಲ್ಲಿ ಕೆಳಗುರುಳುತ್ತದೆ. ಹೊಟ್ಟೆ ಸೀಳಿ ನೋಡಿದರೆ ಯಕೃತ್ತು, ಹೃದಯಗಳ ಮೇಲೆ ಸುಣ್ಣ ಬಳಿದಂತೆ ಬಿಳಿ ಪುಡಿ. ಅದು ಯೂರಿಕ್ ಆಮ್ಲ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಎಲ್ಲ ಹೆಣಗಳಲ್ಲೂ ವಿಷ ಇರಬೇಕೆಂದೇನಿಲ್ಲ. ನೂರರಲ್ಲಿ ಒಂದಕ್ಕಿಂತ ಕಡಿಮೆ ಹೆಣಗಳಲ್ಲಿ ವಿಷವಿದ್ದರೂ ಸಂತತಿ ಕುಸಿಯಲು ಸಾಕು ಎಂಬುದು ವಿಜ್ಞಾನಿಗಳ ಲೆಕ್ಕಾಚಾರ. ಒಂದು ಹೆಣಕ್ಕೆ ಹತ್ತಾರು ಹಕ್ಕಿಗಳು ಮುತ್ತುತ್ತವೆ, ಸತ್ತರೆ ಒಟ್ಟಿಗೇ ಸಾಯುತ್ತವೆ. ಹುಟ್ಟುವುದೋ ವರ್ಷಕ್ಕೊಂದು ಮೊಟ್ಟೆಯಿಂದ, ಆ ಮರಿ ಮೊಟ್ಟೆ ಇಡಲು ಸುಮಾರು ಐದು ವರ್ಷ ಬೇಕು. ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು 1992ರಿಂದ 2007ರೊಳಗೆ ಶೇಕಡ 99ಕ್ಕೂ ಹೆಚ್ಚು ಕಣ್ಮರೆಯಾದದ್ದು ಹೀಗೆ.

ಇನ್ನು ನಿಷೇಧದ ಮಾತು. ದನದ ಡೈಕ್ಲೋಫೆನಾಕ್ ನಿಂತಿತು, ಮನುಷ್ಯರದ್ದು ದೊಡ್ಡ ಸೀಸೆಗಳಲ್ಲಿ ಕೊಟ್ಟಿಗೆ ಸೇರಿತು. ಅದು ದನಕ್ಕೆ ಬಳಕೆಯಾಗದಿರಲೆಂದು 2015ರಲ್ಲಿ ಆ ಸೀಸೆಯನ್ನು 3 ಮಿಲಿಲೀಟರಿಗೆ ಇಳಿಸಿದರು. ಅಷ್ಟರಲ್ಲಿ ಅಸೆಕ್ಲೋಫೆನಾಕ್ ಎಂಬ ಇನ್ನೊಂದು ನೋವಿನ ಔಷಧ ಚಾಲ್ತಿಗೆ ಬಂದಿತ್ತು. ಅದು ಹಸುವಿನ ದೇಹದಲ್ಲಿ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ! ಅದನ್ನೂ, ಹದ್ದಿಗೆ ವಿಷವಾಗುವ ಇನ್ನೊಂದು ನೋವಿನ ಔಷಧ ಕೀಟೊಪ್ರೊಫೆನ್ ಅನ್ನೂ ಪಶುಗಳಿಗೆ ನಿಷೇಧಿಸಿದ್ದು 2023ರಲ್ಲಿ. ಆದರೆ ಓದಿಲ್ಲದ, ಪರವಾನಗಿ ಇಲ್ಲದ 'ಇಂಜೆಕ್ಷನ್ ಡಾಕ್ಟರ್' ರಾಜಪತ್ರ ಓದುತ್ತಾನೆಯೇ? ಅಂಥವನೊಬ್ಬನ ಸ್ಕೂಟರ್ ಡಿಕ್ಕಿಯಲ್ಲಿ ಕೀಟೊಪ್ರೊಫೆನ್ ಕಂಡು ಕೇಳಿದೆ. "ಸಾರ್, ಹಸು ಎದ್ದರೆ ಸಾಕಲ್ಲವಾ" ಎಂದ. ಹಸು ಏಳಲು ಮೆಲಾಕ್ಸಿಕ್ಯಾಮ್ ಇದೆ, ಟಾಲ್ಫೆನಾಮಿಕ್ ಆಮ್ಲ ಇದೆ. ಎರಡೂ ರಣಹದ್ದಿಗೆ ಸುರಕ್ಷಿತವೆಂದು ಪರೀಕ್ಷೆಯಲ್ಲಿ ಕಂಡಿವೆ.

ನಿಮ್ಮ ಸಂಘಕ್ಕೆ ಕೆಲಸ ಬೇಕಿದ್ದರೆ ಸುತ್ತಲಿನ ಊರುಗಳಲ್ಲಿ ಹಸು ಸಾಕಿದವರ ಮನೆಗೆ ಹೋಗಿ, ಔಷಧದ ಸೀಸೆಯ ಮೇಲಿನ ಹೆಸರು ಓದಿಸಿ. ನಿಷೇಧಿತ ಔಷಧ ಮಾರುವ ಅಂಗಡಿಯ ವಿರುದ್ಧ ಔಷಧ ನಿಯಂತ್ರಣ ಇಲಾಖೆಗೆ ದೂರು ಬರೆಯಿರಿ. ಫೋಟೊ ಬರದ ಕೆಲಸ, ಗೊತ್ತು.

ಪ್ರಶ್ನೆ: ಮೊಬೈಲ್ ಟವರ್‌ಗಳಿಂದಲೇ ರಣಹದ್ದು ನಾಶವಾದವಂತೆ?

ಉತ್ತರ: ಅವುಗಳಲ್ಲಿ ಹೆಚ್ಚಿನವು ಸತ್ತದ್ದು ತೊಂಬತ್ತರ ದಶಕದಲ್ಲಿ. ಆಗ ನಿಮ್ಮೂರಿನಲ್ಲಿ ಟವರ್ ಇತ್ತೇ?

ಪ್ರಶ್ನೆ: ಅತ್ತೆಯವರ ಮಂಡಿನೋವಿಗೆ ರಣಹದ್ದಿನ ಕೊಬ್ಬಿನ ಎಣ್ಣೆ ಒಳ್ಳೆಯದೆಂದು ಒಬ್ಬರು ಮಾರುತ್ತಿದ್ದಾರೆ. ನಂಬಬಹುದೇ?

ಉತ್ತರ: ಇಲ್ಲ. ಸೀಸೆಯಲ್ಲಿರುವುದು ನಿಜವಾಗಿ ರಣಹದ್ದಿನದ್ದೇ ಆದರೆ ಮಾರಿದವನೂ ಕೊಂಡವರೂ ಜೈಲಿಗೆ ಹೋಗಬಹುದು. ಅಲ್ಲದಿದ್ದರೆ ನಿಮ್ಮ ದುಡ್ಡು ಹೋಯಿತು. ಅತ್ತೆಯವರನ್ನು ಮೂಳೆ ವೈದ್ಯರ ಬಳಿ ಕರೆದೊಯ್ಯಿರಿ.

ಪ್ರಶ್ನೆ: ಬೆಟ್ಟದ ಗೂಡಿನ ಹತ್ತಿರ ಡ್ರೋನ್ ಹಾರಿಸಿ ಮರಿಯ ಚಿತ್ರ ತೆಗೆಯಬಹುದೇ?

ಉತ್ತರ: ತಾಯಿ ಬೆದರಿ ಹಾರಿದರೆ ಮೊಟ್ಟೆಯೋ ಮರಿಯೋ ಕೆಳಗೆ ಬೀಳಬಹುದು. ಆ ವರ್ಷಕ್ಕೆ ಅದಕ್ಕಿರುವುದು ಅದೊಂದೇ. ಡ್ರೋನ್ ಮನೆಯಲ್ಲಿಡಿ.