ಜಂಪ್ ಸ್ಮ್ಯಾಶ್ ಎತ್ತರ ಆಗ್ತಿಲ್ಲ, ಮೊಣಕಾಲು ನೋವು: ಪ್ರತಿಕ್ರಿಯೆ

ಜಂಪ್ ಸ್ಮ್ಯಾಶ್‌ಗೆ, ಅಂದ್ರೆ ಬ್ಯಾಡ್ಮಿಂಟನ್‌ನಲ್ಲಿ ಹಾರಿ ಶಟಲ್‌ನ ಜೋರಾಗಿ ಕೆಳಗೆ ಹೊಡೆಯೋಕೆ, ಎತ್ತರ ಬರಲಿ ಅಂತ ಆಟ ಮುಗಿದ ಮೇಲೆ ದಿನಾ ಸಿಮೆಂಟಿನ ಮೇಲೆ 200 ಸಲ ಹಾರ್ತೀನಿ ಅಂದಿದ್ದೀರಿ. ಎರಡು ತಿಂಗಳಾದರೂ ಎತ್ತರ ಹೆಚ್ಚದಿರೋಕೆ ಬಹುಶಃ ಅದೇ ಕಾರಣ, ಕಾಲಿಗೆ ಸುಧಾರಿಸಿಕೊಳ್ಳೋಕೆ ಸಮಯವೇ ಸಿಕ್ತಿಲ್ಲ. ಮೊಣಕಾಲ ಚಿಪ್ಪಿನ ಕೆಳಗೆ ಒತ್ತಿದರೆ ನೋವು ಅಂತೀರಲ್ಲ, ಮೊದಲು ಅದು ಇಳಿಯಲಿ, ಅಲ್ಲಿವರೆಗೆ ಹಾರಲೇಬೇಡಿ. ಆಮೇಲೆ ವಾರಕ್ಕೆ ಎರಡೇ ದಿನ, ನಡುವೆ 48 ಗಂಟೆ ಬಿಟ್ಟು, ಮೈ ಬಿಸಿ ಮಾಡಿಕೊಂಡು ಆಟಕ್ಕೆ ಮುಂಚೆ ಮಾಡಿ. ಧಾರವಾಡದಲ್ಲೇ ಇದ್ದೀರಿ, ಮಣ್ಣಿನ ಮೈದಾನಕ್ಕೇನು ಬರ? ಅಲ್ಲಿ 30 ಸೆಂಟಿಮೀಟರ್ ಎತ್ತರದ ಗಟ್ಟಿ ಪೆಟ್ಟಿಗೆ ಮೇಲೆ ಐದೈದು ಸಲದಂತೆ ನಾಲ್ಕು ಸುತ್ತು ಹಾರಿ, ಸುತ್ತಿನ ನಡುವೆ ಎರಡು ನಿಮಿಷ ಸುಮ್ನೆ ನಿಲ್ಲಿ. ಕೆಳಗೆ ಹಾರಬೇಡಿ, ಒಂದೊಂದೇ ಕಾಲಿಟ್ಟು ಇಳಿಯಿರಿ. ಮೇಲೆ ಕಾಲೂರುವಾಗ ಧಪ್ ಅಂತ ಸದ್ದು ಬಂದರೆ, ಮೊಣಕಾಲು ಒಳಗೆ ವಾಲಿದರೆ, ಎತ್ತರ ತಗ್ಗಿಸಿ. ಜೊತೆಗೆ ವಾರಕ್ಕೆ ಎರಡು ದಿನ ಭಾರ ಹೊತ್ತು ಸ್ಕ್ವಾಟ್ (ಬಸ್ಕಿ) ಬೇಕೇ ಬೇಕು, ಬಲ ಇಲ್ಲದೆ ಜಿಗಿತ ಬರಲ್ಲ. ಎರಡು ವಾರದಲ್ಲಿ ನೋವು ಇಳಿಯದಿದ್ದರೆ ಫಿಸಿಯೋಗೆ ತೋರಿಸಿ, ನೋವಿಗೆ ಕಾರಣ ಏನು ಅಂತ ಕಾಲು ನೋಡದೆ ಖಚಿತವಾಗಿ ಹೇಳೋಕಾಗಲ್ಲ.