ಮೆಲ್ಬರ್ನ್‌ಗೆ ಪೇಡೆ, ರೊಟ್ಟಿ, ಚಟ್ನಿಪುಡಿ

ನಮಸ್ಕಾರ್ರಿ. ಗದಗದಿಂದ ಮೆಲ್ಬರ್ನ್‌ಗೆ ತಂಗಿಯ ಮನೆಗೆ ಹೊರಟಿರುವ ತಾಯಿಯವರ ಬ್ಯಾಗಿನಲ್ಲಿ ಪೇಡೆ, ರೊಟ್ಟಿ, ಚಟ್ನಿಪುಡಿ ಇಡಬಹುದಾ ಅಂತ ಕೇಳಿದ್ದೀರಿ.

ಪೇಡೆ ಬೇಡ. ಅದು ಹಾಲಿನದು. ನಮ್ಮ ದನಗಳಲ್ಲಿ ಕಾಲುಬಾಯಿ ರೋಗ ಇರುವುದರಿಂದ ಇಲ್ಲಿನ ಹಾಲಿನ ತಿಂಡಿ ಅಂದರೆ ಆಸ್ಟ್ರೇಲಿಯಾದವರಿಗೆ ಭಯ. ಅಂಗಡಿಯ ಡಬ್ಬಿ ಸೀಲ್ ಇದ್ದರೂ ಉಪಯೋಗವಿಲ್ಲ. ಕಡಕ್ ರೊಟ್ಟಿ, ಹುರಿದು ಕುಟ್ಟಿದ ಶೇಂಗಾ ಚಟ್ನಿ ನಾನಾದರೆ ಇಡುತ್ತೇನೆ. ಬಿತ್ತಿದರೆ ಮೊಳೆಯುವಂಥ ಇಡೀ ಕಾಳು, ಬೀಜ ಯಾವುದೂ ಬೇಡ.

ಮುಖ್ಯವಾದದ್ದು ಇಳಿಯುವಾಗ ಕೊಡುವ ಫಾರ್ಮು. ತಿನ್ನುವ ಪದಾರ್ಥ ಇದೆಯಾ ಅನ್ನುವಲ್ಲಿ ‘ಹೌದು’ ಅಂತಲೇ ಗುರುತು ಹಾಕಲಿ. ಹೇಳಿದರೆ ಜಾಸ್ತಿ ಅಂದರೆ ತೆಗೆದು ಎಸೆಯುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ, ವೀಸಾ ರದ್ದಾಗುವುದೂ ಉಂಟು. ಅಮ್ಮನವರಿಗೆ ಇಂಗ್ಲಿಷ್ ಕಷ್ಟವಾದರೆ ಒಯ್ಯುವ ಸಾಮಾನಿನ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆದು ಕೊಡಿ, ತೋರಿಸಿದರಾಯ್ತು.

ಬಿಪಿ, ಶುಗರ್ ಮಾತ್ರೆ ಡಾಕ್ಟರ್ ಚೀಟಿ ಸಮೇತ ಕೈಚೀಲದಲ್ಲಿರಲಿ. ಪವರ್‌ಬ್ಯಾಂಕೂ ಅಲ್ಲೇ.

ಇನ್ನೊಂದು, ಹುಬ್ಬಳ್ಳಿ–ಬೆಂಗಳೂರು ವಿಮಾನದ ಟಿಕೆಟ್ ಬೇರೆ ತೆಗೆಸಿದ್ದೀರಾ? ಹಾಗಿದ್ದರೆ ಅದರಲ್ಲಿ ಸಾಮಾನ್ಯವಾಗಿ 15 ಕಿಲೋ ಮಾತ್ರ, ಮೇಲಿನದಕ್ಕೆ ದುಡ್ಡು. ದೊಡ್ಡ ಸೂಟ್‌ಕೇಸ್ ಎರಡಿದ್ದರೆ ಸುಮ್ನೆ ರಾತ್ರಿ ರೈಲು ಹಿಡಿಯಿರಿ.